ಒಂದು ನಿಲ್ದಾಣ ಮೊದಲು

ಗೂಡು ನಲವತ್ತೇಳು.
ಕಂಬಿಗೆ ತಗುಲಿಸಿದ ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ:
ಹೆಣ್ಣು. ಹನ್ನೊಂದು ತಿಂಗಳು. ಹೆಸರು ಬುಝಾ,
ಅಂದರೆ ಗುಡುಗು ಸಿಡಿಲಿನ ಗಾಳಿಮಳೆ.
ಕೆಳಗೆ ಬೇರೆ ಕೈಬರಹ: ಎರಡು ಸಲ ವಾಪಸು.
ಕಾರಣ: ಚುರುಕು ಜಾಸ್ತಿ.

ಅದು ನೆಗೆಯುತ್ತಿತ್ತು.
ನೆಗೆದಾಗ ಕಿವಿ ಎರಡೂ ಮೇಲಕ್ಕೆ,
ಇಳಿದಾಗ ಒಂದು ಮಾತ್ರ ಕೆಳಕ್ಕೆ.
ನೀರಿನ ಬಟ್ಟಲು ಮಗುಚಿತ್ತು, ಕಂಬಳಿ ಚಿಂದಿಯಾಗಿತ್ತು,
ಬಾಲದ ಏಟಿಗೆ ತಗಡಿನ ಬಾಗಿಲು ತಮಟೆಯಾಗಿತ್ತು.
ಪಕ್ಕದ ಗೂಡಿನ ಮುದಿ ನಾಯಿ
ಪಾದದ ಮೇಲೆ ಗದ್ದವಿಟ್ಟು ನನ್ನನ್ನೇ ನೋಡುತ್ತಿತ್ತು.
ನಿಜ ಹೇಳಬೇಕೆಂದರೆ ನಾನು ಬಂದದ್ದು ಅಂಥದ್ದಕ್ಕೇ.

ಇರ್ಮೀನಾ, ಬೀಗದಕೈ ಗೊಂಚಲಿನ ಹುಡುಗಿ, ಕೇಳಿದಳು:
ಏನು ಕೆಲಸ?
ಟ್ರಾಮ್ ಓಡಿಸುತ್ತೇನೆ, ಅಂದೆ. ಇಪ್ಪತ್ತೆರಡು ವರ್ಷ.
ಈ ವೂಚ್ ನಗರದ ಆ ತುದಿಯಿಂದ ಈ ತುದಿಗೆ.
ಮನೆ? ಮೂರನೇ ಮಹಡಿ, ಲಿಫ್ಟ್ ಇಲ್ಲ.
ಜೊತೆಗೆ ಯಾರು? ಒಂದು ರೇಡಿಯೋ.
ಅವಳು ರಟ್ಟನ್ನು ನೋಡಿದಳು, ನನ್ನ ಮೊಣಕಾಲನ್ನು ನೋಡಿದಳು.
ಮೂರನೇ ಸಲ ವಾಪಸು ತರುವುದಾದರೆ
ಈಗಲೇ ಬೇಡ ಅಂದುಬಿಡಿ, ಬೊಗುಮಿಲಾ ಮೇಡಂ,
ಇಲ್ಲಿ ಯಾರೂ ಕೋಪಿಸಿಕೊಳ್ಳುವುದಿಲ್ಲ.

ಬೇಡ ಅನ್ನಲೆಂದೇ ಬಾಯಿ ತೆರೆದೆ.
ಅಷ್ಟರಲ್ಲಿ ಅದು ಕಂಬಿಯ ಸಂದಿಯಿಂದ ಮೂತಿ ತೂರಿಸಿ
ನನ್ನ ಸಮವಸ್ತ್ರದ ಎರಡನೇ ಗುಂಡಿ ಕಿತ್ತು
ನುಂಗಿಯೇ ಬಿಟ್ಟಿತು.
ಇಲಾಖೆಯ ಗುಂಡಿ.
ಬಿಟ್ಟು ಹೇಗೆ ಬರಲಿ?

ಮೊದಲ ವಾರಕ್ಕೆ
ಒಂದು ಚಪ್ಪಲಿ, ಅರ್ಧ ವೇಳಾಪಟ್ಟಿ, ಸೋಫಾದ ಹೊಟ್ಟೆ.
ಕೆಳಗಿನ ಮನೆಯ ವಿಟೋಲ್ಡ್ ಪೊರಕೆಯ ಹಿಡಿಯಿಂದ
ತನ್ನ ಸೂರಿಗೆ, ಅಂದರೆ ನನ್ನ ನೆಲಕ್ಕೆ, ಕುಟ್ಟಿದ.
ಬುಝಾ ಆಟವೆಂದು ತಿಳಿದು ತಿರುಗಿ ಕುಟ್ಟಿದಳು.
ನಾಲ್ಕನೇ ದಿನ ಅವನೂ ಹಾಗೇ ತಿಳಿದನೆಂದು ಕಾಣುತ್ತದೆ.
ಗುಂಡಿ ಹೊರಗೆ ಬಂತು, ಹೊಳಪು ಕೂಡ ಕೆಡದೆ.
ತೊಳೆದು ಹೊಲಿದುಕೊಂಡೆ. ಯಾರಿಗೂ ಹೇಳಿಲ್ಲ.

ಒಂದು ರಾತ್ರಿ, ಮೂರು ಗಂಟೆಗೆ, ಹರಿದ ಪರದೆಯ ಮುಂದೆ ಕೂತು
ಇರ್ಮೀನಾಳ ಫೋನ್ ನಂಬರು ಚೀಟಿಯಲ್ಲಿ ಬರೆದಿಟ್ಟೆ.
ಸುಳ್ಳೇಕೆ ಹೇಳಲಿ,
ಚೀಟಿ ಇನ್ನೂ ಇದೆ.

ನನ್ನ ಬಂಡಿಗೆ ಸ್ಟೀರಿಂಗ್ ಇಲ್ಲ.
ಹೋಗು, ನಿಲ್ಲು, ಗಂಟೆ ಬಾರಿಸು, ಅಷ್ಟೆ.
ತಿರುವುಗಳನ್ನು ಯಾರೋ ಮೊದಲೇ ನೆಲದಲ್ಲಿ ಹೂತಿಟ್ಟಿದ್ದಾರೆ.
ಇವಳೋ, ಒಂದು ಬೀದಿ ದಾಟುವುದರೊಳಗೆ ಏಳು ಊರು ಸುತ್ತುತ್ತಾಳೆ:
ಒದ್ದೆ ಎಲೆ, ಪಾರಿವಾಳ, ಯಾರೋ ಬಿಸಾಕಿದ ಬ್ರೆಡ್ಡು,
ಮತ್ತೆ ಅದೇ ಪಾರಿವಾಳ.
ನಾಯಿಯ ಬಾಲ ಡೊಂಕೆಂದು ಎಲ್ಲರೂ ಆಡಿಕೊಳ್ಳುತ್ತಾರೆ;
ನನ್ನ ನೆಟ್ಟಗಿನ ದಾರಿಯನ್ನು ಯಾರೂ ಏನೂ ಅಂದಿರಲಿಲ್ಲ.
ಮನೆಗೆ ಬಂದರೆ ಅಂಗೈಯಲ್ಲಿ ಹಗ್ಗ ಎಳೆದ ಗೆರೆ,
ಕೈ ನೋಡಿ ಭವಿಷ್ಯ ಹೇಳುವವರಿಗೆ ತಲೆ ಕೆಡುವಂತೆ.

ರಜೆಯ ಮಂಗಳವಾರ ಅವಳಿಗೆ ಮೂತಿಬುಟ್ಟಿ ಕಟ್ಟಿ
ನನ್ನದೇ ಮಾರ್ಗದಲ್ಲಿ ಟಿಕೆಟ್ಟು ಕೊಂಡು ಕೂತೆ.
ಓಡಿಸುತ್ತಿದ್ದವ ಝೆನನ್; ಅವನ ಬ್ರೇಕು ಒರಟು.
ಕೊನೆಯ ನಿಲ್ದಾಣಕ್ಕೆ ಒಂದು ಮೊದಲು ಬಾಗಿಲು ತೆರೆಯಿತು.
ಬುಝಾ ಇಳಿದಳು.
ಹಗ್ಗದ ಇನ್ನೊಂದು ತುದಿಯಾದ್ದರಿಂದ ನಾನೂ.

ಇಪ್ಪತ್ತೆರಡು ವರ್ಷ, ದಿನಕ್ಕೆ ಎಂಟು ಹತ್ತು ಸಲ
ಇಲ್ಲಿ ಬಾಗಿಲು ತೆರೆದಿದ್ದೇನೆ, ಮುಚ್ಚಿದ್ದೇನೆ.
ಕಾಲಿಟ್ಟಿರಲಿಲ್ಲ.
ಹಾಳುಬಿದ್ದ ನೂಲಿನ ಗಿರಣಿಯ ಗೋಡೆಯ ಹಿಂದೆ
ಬೆಂಕಿಪೊಟ್ಟಣದಂಥ ತೋಟಗಳು, ಬೇಲಿಗೆ ಬೇಲಿ ಒತ್ತಿಕೊಂಡು;
ಎಲೆಕೋಸು, ಮುರಿದ ಕುರ್ಚಿ, ಪ್ಲಮ್ ಮರದಡಿ ಹೊಗೆ.
ಒಬ್ಬ ಮುದುಕಿ ಬಕೆಟ್ಟಿನಿಂದ ತಲೆಯೆತ್ತಿ,
ನೀವು ಬೆಳಗಿನ ಐದೂವರೆಯವರಲ್ಲವೇ, ಅಂದಳು,
ನಿಮ್ಮ ಗಂಟೆ ಕೇಳಿಯೇ ನಾನು ಒಲೆ ಹಚ್ಚುವುದು.

ನಾನು ಉತ್ತರ ಹುಡುಕುವಷ್ಟರಲ್ಲಿ
ಬುಝಾ ಅವಳ ಕೋಸಿನ ಪಾತಿಯಲ್ಲಿ ಹಳ್ಳ ತೋಡುತ್ತಿದ್ದಳು,
ಹಿಂಗಾಲಿನ ಮಣ್ಣೆಲ್ಲ ನನ್ನ ಬೂಟಿನ ಮೇಲೆ.
ಎಳೆದುಕೊಳ್ಳಬೇಕಿತ್ತು. ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟೆ.
ಬೆನ್ನ ಹಿಂದೆ ಝೆನನ್ ಗಂಟೆ ಬಾರಿಸಿ
ನನ್ನನ್ನು ಬಿಟ್ಟು ಹೊರಟ.