ಹೆದೆ

ನಾಡಿದ್ದು ಗಂಜ್ ಹತ್ತಿರದ ಹಾಲಿನಲ್ಲಿ ಮದುವೆ ಪ್ರೋಗ್ರಾಮು.
ಕೀಬೋರ್ಡಿನ ಸುದರ್ಶನ ಹೇಳಿಬಿಟ್ಟಿದ್ದಾನೆ:
'ಪಿಕ್ ಹಿಡಿಯಲೇ. ನಿನ್ನ ಬೆರಳಿನ ಸದ್ದು
ಎರಡನೇ ಸಾಲಿನ ಕುರ್ಚಿ ದಾಟಂಗಿಲ್ಲ.'
ಡ್ರಮ್ಸಿನ ಮೋಸೆಸನಿಗೆ ಸ್ಲ್ಯಾಪ್ ಬೇಕು.
ಅವನಿಗೆ ಏನಿದ್ದರೂ ಏಟೇ ಬೇಕು.
ನನ್ನನ್ನು ಯಾರೂ ಕೇಳಲಿಲ್ಲ.
ಬೇಸ್ ಬಾರಿಸುವವನನ್ನು ಕೇಳುವ ವಾಡಿಕೆಯಿಲ್ಲ;
ನಿಂತುಹೋದಾಗ ಮಾತ್ರ ತಿರುಗಿ ನೋಡುತ್ತಾರೆ,
ಫ್ಯಾನು ನಿಂತಾಗ ನೋಡಿದ ಹಾಗೆ.

ಬೆರಳೆಂದರೆ ನನಗೆ ನಡಿಗೆ.
ತೋರುಬೆರಳು, ನಡುಬೆರಳು, ತೋರು, ನಡು,
ಸ್ಟೇಷನ್ ರೋಡಿನಲ್ಲಿ ಒಂದೇ ಬೀಡಿ ಹಂಚಿಕೊಂಡು
ಮನೆಗೆ ಹೊರಟ ಇಬ್ಬರು ಹಮಾಲರ ಹಾಗೆ,
ಅವಸರವಿಲ್ಲ, ಮಾತೂ ಇಲ್ಲ.
ದಪ್ಪ ತಂತಿ ಮಾಂಸದಿಂದ ಜಾರುವಾಗ
ಸ್ವರಕ್ಕೆ ಅಂಚಿರುವುದಿಲ್ಲ.
ರಾಯಚೂರಿನ ಮೇ ತಿಂಗಳಲ್ಲಿ
ಒದ್ದೆ ಗೋಣಿ ಸುತ್ತಿಟ್ಟ ಗಡಿಗೆ:
ನೀರು ಕಾಣದು, ತಂಪಷ್ಟೇ ಗೊತ್ತಾಗುತ್ತದೆ.
ಮೂರು ತಾಸಾದ ಮೇಲೆ ಬೊಬ್ಬೆ.
ಬೊಬ್ಬೆ ಒಡೆದ ಮೇಲೆ
ಒಂದೊಂದು ಸ್ವರಕ್ಕೂ ಒಂದೊಂದು ಉರಿ.

ಪಿಕ್ ಒಂದೇ ಇತ್ತು, ಕಳೆದುಹೋಯಿತು.
ಈಗಿನದು ಹಳೇ ಎಟಿಎಂ ಕಾರ್ಡು ಕತ್ತರಿಸಿದ್ದು,
ಖಾತೆಯಲ್ಲಿ ಏನೂ ಉಳಿಯದ ಕಾರ್ಡು.
ಮೂಲೆಯಲ್ಲಿ ಇನ್ನೂ ನಾಲ್ಕು ಅಂಕಿ ಉಬ್ಬಿವೆ,
ಹೆಬ್ಬೆರಳಿಗೆ ತಾಗುತ್ತವೆ.
ಸದ್ದು ಖಡಕ್ಕು. ಪ್ರತಿ ಸ್ವರವೂ
ಗಿರವಿ ಅಂಗಡಿಯ ರಸೀದಿಯಂತೆ
ಹರಿದು ಕೈಗೆ ಬರುತ್ತದೆ.
ಸುದರ್ಶನ ಅನ್ನುವುದು ಖರೆ, ದೂರ ಹೋಗುತ್ತದೆ.
ಆದರೆ ತಂತಿಗೂ ನನಗೂ ನಡುವೆ
ಹತ್ತಿ ಮಾರ್ಕೆಟ್ಟಿನ ದಲಾಲಿಯೊಬ್ಬ ನಿಂತ ಹಾಗೆ;
ವ್ಯಾಪಾರ ಚೆನ್ನಾಗಿಯೇ ಆಗುತ್ತದೆ,
ಮಾಲು ನಾನು ಮುಟ್ಟಿರುವುದಿಲ್ಲ.

ಸ್ಲ್ಯಾಪಿನ ಮಾತಿಗೆ ಮೊದಲು ತಾತನ ಮಾತು.
ನಮ್ಮದು ಪಿಂಜಾರರ ಮನೆ. ತಾತ ಬುಡ್ಡೇಸಾಬ
ಆಳುದ್ದದ ಬಿಲ್ಲು ಹೆಗಲಿಗೇರಿಸಿ
ಮಾನ್ವಿಯಿಂದ ದೇವದುರ್ಗದವರೆಗೆ
ಓಣಿ ಓಣಿ ತಿರುಗಿ ಗಾದಿ ಬಿಚ್ಚಿ ಹತ್ತಿ ಹಿಂಜಿದವನು.
ನರದ ಹೆದೆ. ಹುಣಸೆ ಕಟ್ಟಿಗೆಯ ಕೊಡತಿ.
ಏಟು ಬಿದ್ದರೆ ಹೆದೆ ಧೊಂಯ್ ಎಂದು ನಡುಗಿ,
ಯಾರದೋ ಬೆನ್ನ ಕೆಳಗೆ
ಹತ್ತು ವರ್ಷ ಕಲ್ಲಾಗಿ ಬಿದ್ದಿದ್ದ ಅರಳೆ
ಎದ್ದು ಗಾಳಿಗೆ ಬರುತ್ತಿತ್ತಂತೆ.
ಮಶಿನ್ ಬಂತು, ಬಿಲ್ಲು ಅಟ್ಟಕ್ಕೆ ಹೋಯಿತು.
ಆಮೇಲೆ ತಾತನ ಕಿವಿಯೂ ಹೋಯಿತು.
ಆ ಹೆದೆಯನ್ನು ನಾನು ಕೇಳಿದವನಲ್ಲ.

ಶಕ್ತಿನಗರದ ಚಿಮಣಿ ಇಷ್ಟು ಹತ್ತಿರವಿದ್ದೂ
ನಿನ್ನೆ ನಮ್ಮ ಓಣಿಗೆ ಕರೆಂಟು ಬಂದದ್ದು ಹತ್ತರ ಮೇಲೆ.
ಆಂಪ್ಲಿಫೈಯರನ್ನು ತಾತನ ಮಂಚಕ್ಕೆ ಒರಗಿಸಿದೆ.
ಅದರ ಮೇಲೆ ಅಂಗೈ ಇಟ್ಟ.
ಅವನೀಗ ಕೇಳುವುದು ಹೀಗೆ.

ಬೆರಳಿನಿಂದ ಬಾರಿಸಿದೆ. ಕಣ್ಣು ಮುಚ್ಚಿದ.
'ಯಾರೋ ಮಾಳಿಗಿ ಮ್ಯಾಲೆ ಅಡ್ಡಾಡಾಕತ್ತಾರ' ಅಂದ.

ಕಾರ್ಡಿನಿಂದ ಬಾರಿಸಿದೆ.
ಕೈ ತೆಗೆದು ತೊಡೆಗೆ ಒರೆಸಿಕೊಂಡ,
ಇರುವೆ ಹತ್ತಿದ ಹಾಗೆ.

ಕೊನೆಗೆ ಮಣಿಕಟ್ಟು ಸಡಿಲ ಬಿಟ್ಟು
ಹೆಬ್ಬೆರಳಿನ ಎಲುಬಿನಿಂದ ದಪ್ಪ ತಂತಿಗೆ ಹೊಡೆದೆ,
ತೋರುಬೆರಳಿನಿಂದ ಸಣ್ಣದನ್ನು ಎಳೆದು ಬಿಟ್ಟೆ.
ಧೊಂಯ್. ಚಟ್.
ನನಗೆ ಅದಿನ್ನೂ ನೆಟ್ಟಗೆ ಬರುವುದಿಲ್ಲ;
ಹತ್ತರಲ್ಲಿ ಮೂರು ಏಟು ಮರಕ್ಕೇ ಬೀಳುತ್ತವೆ.

ತಾತ ಏನೂ ಅನ್ನಲಿಲ್ಲ.
ಹೆಗಲ ಮೇಲಿನ ಟವೆಲ್ ಎಳೆದು
ಮೂಗು ಬಾಯಿಗೆ ಬಿಗಿಯಾಗಿ ಸುತ್ತಿ
ಹಿಂದೆ ಗಂಟು ಹಾಕಿಕೊಂಡ.
ಅಂಗೈಯನ್ನು ಮತ್ತೆ ಅಲ್ಲೇ ಇಟ್ಟ.

ಸುದರ್ಶನನಿಗೆ ಏನು ಹೇಳುವುದೋ ತಿಳಿಯದು.
ಕೋಣೆಯಲ್ಲಿ ಒಂದೆಳೆ ಹತ್ತಿಯೂ ಇರಲಿಲ್ಲ.
ನಾನು ಎದ್ದು ಕಿಟಕಿ ತೆರೆದೆ,
ಬಂದು ಕೂತು ಮತ್ತೆ ಹೊಡೆದೆ.