ಹೊತ್ತು ನಡೆಯುವ ದಾರಿ

ಮಾರ್ಚ್ ಮುಗಿಯಲು ಇನ್ನೂ ಒಂಬತ್ತು ದಿನ.
ಊರಾಚೆಯ ಸರೋವರದ ಮೇಲೆ
ಲಾರಿ ಓಡಿಸಬಹುದು, ಅಷ್ಟು ಗಟ್ಟಿ ಮಂಜುಗಡ್ಡೆ.
ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮಾತ್ರ
ನೀರು ಆಗಲೇ ಕರಗಿ ನೀಲಿಯಾಗಿ ಹರಡಿದೆ:
ಹಳೆಯ ನಕ್ಷೆ. ಮಡಿಕೆ ಸವೆದಲ್ಲಿ ಎರಡು ದ್ವೀಪ ಕಾಣೆ.
ನಾಲ್ಕು ಮೂಲೆಗೆ ಉಪ್ಪಿನ ಶೀಶೆ, ಮಾತ್ರೆಯ ಡಬ್ಬಿ,
ಅವನ ಕನ್ನಡಕ, ನನ್ನ ಮೊಣಕೈ.

ಪೆನ್ಸಿಲು ಆರ್ವಿಡನ ಕೈಯಲ್ಲಿ.
ಮೂವತ್ತೊಂದು ಬೇಸಿಗೆ ಅವನೇ ಗೆರೆ ಎಳೆದದ್ದು,
ಅಳತೆಪಟ್ಟಿಯಿಲ್ಲದೆ, ಬಾಣದ ಹಾಗೆ.
ಈ ಸಲ ಗೆರೆ ನಡುಗಿತು.
ನಡುಗುತ್ತ ನಡುಗುತ್ತ
ದಡದ ಕೊರಕಲುಗಳನ್ನೆಲ್ಲ ಒಂದೂ ಬಿಡದೆ
ಮುಟ್ಟಿಕೊಂಡು ಹೋಯಿತು.
"ನೋಡು ರೈಲಿ, ಈಗ ಸರಿಯಾಗಿ ಬಂತು" ಎಂದ.
ನಗಬೇಕೋ ಬೇಡವೋ ತಿಳಿಯದೆ
ಕಾಫಿ ಬಗ್ಗಿಸಿದೆ, ಅರ್ಧ ಲೋಟ.
ತುಂಬಿಸಿದರೆ ಚೆಲ್ಲುತ್ತದೆ.

ಜೂನ್ ಎರಡನೇ ವಾರ. ಹನ್ನೊಂದು ರಾತ್ರಿ.
ಒಂದು ಸರೋವರ ಮುಗಿದು ಇನ್ನೊಂದು ಸಿಗುವವರೆಗೆ
ದೋಣಿ ನಮ್ಮನ್ನು ಹೊರುವುದಿಲ್ಲ,
ನಾವು ದೋಣಿಯನ್ನು ಹೊರಬೇಕು.
ಅಂಥ ದಾರಿಗಳು ಏಳು. ಆರನೆಯದು
ಒಂದು ಮೈಲಿ ಚಿಲ್ಲರೆ: ಅಡ್ಡ ಬಿದ್ದ ಸ್ಪ್ರೂಸ್ ಮರಗಳು,
ಮೊಣಕಾಲುದ್ದ ಕಪ್ಪು ಕೆಸರು,
ನೆತ್ತಿಯ ಮೇಲೆ ಸೊಳ್ಳೆಗಳ ಸಂತೆ.
"ಅಲ್ಲಿ?" ಎಂದ.
"ಅಲ್ಲಿ ನಾನು."
ಅವನು ಕಿಟಕಿಯ ಕಡೆ ನೋಡಿದ.

ಗೊತ್ತಿಲ್ಲದೆ ಏನು.
ಫೆಬ್ರವರಿಯಿಂದ ದಿನಾ ಸಂಜೆ
ಶೆಡ್ಡಿನಿಂದ ದೋಣಿ ಎಳೆದು, ಬೋರಲು ಮಾಡಿ,
ಹೆಗಲ ಮೇಲೆ ಕೂರಿಸಿಕೊಂಡು
ಹಿಮದಲ್ಲಿ ನಡೆಯುತ್ತೇನೆ.
ಮೊದಲ ದಿನ ಬೇಲಿಯ ತನಕ.
ಈಗ ಅಂಚೆ ಕಚೇರಿ ಮುಟ್ಟಿ ಬರುತ್ತೇನೆ.
ಅಲ್ಲಿನ ಹುಡುಗ ಬಾಗಿಲಿಗೆ ಬಂದು
ಇದಕ್ಕೆ ಎಷ್ಟು ಸ್ಟಾಂಪು ಹಚ್ಚಲಿ ಎಂದು ಕೇಳಿದ.

ದೋಣಿಯೊಳಗೆ ತಲೆಯಿಟ್ಟರೆ
ಕಾಣುವುದು ನನ್ನ ಬೂಟು, ಮುಂದಿನ ಮೂರು ಹೆಜ್ಜೆ.
ಕೇಳುವುದು ನನ್ನದೇ ಉಸಿರು, ಗುಹೆಯಲ್ಲಿ ಕೇಳಿದ ಹಾಗೆ.
ಇಷ್ಟು ವರ್ಷ ಮೂಟೆ ಹೊತ್ತು ಹಿಂದೆ ನಡೆದವಳು ನಾನು.
ಒಮ್ಮೆಯೂ ತಿರುಗಿ ನೋಡಲಿಲ್ಲ ಮಹಾರಾಯ ಎಂದು
ಎಷ್ಟು ರಾತ್ರಿ ಬೆಂಕಿಯ ಆಚೆ ಬದಿಗೆ ಕೂತು
ಮುನಿಸಿಕೊಂಡಿದ್ದೆ.
ಅದರೊಳಗಿಂದ ತಿರುಗಿ ನೋಡಲು ಆಗುವುದಿಲ್ಲ.
ಹೇಳಬಹುದಿತ್ತಲ್ಲ. ಹೇಳಲಿಲ್ಲ ಅವನು.
ನಾನೂ ಕೇಳಲಿಲ್ಲ.

ಪಕ್ಕದ ಮನೆಯ ಡೆಲ್ಫೀನ್ ಬಂದಳು, ಹೊಗೆಗಿಟ್ಟ ಮೀನು ತಂದಳು.
ಅನಿಶಿನಾಬೆ ಹೆಂಗಸು; ಅವಳ ಅಜ್ಜಿ
ಕಾಡುಭತ್ತ ಬಡಿದ ನೀರು ಆ ಕಡೆಯದು.
"ಈ ಹೆಸರಿಲ್ಲದ್ದರ ದಡದಲ್ಲಿ ಮೂರು ದಿನ"
ಎಂದು ಆರ್ವಿಡ್ ಬೆರಳಿಟ್ಟ.
"ಹೆಸರಿದೆ. ನಿಮ್ಮ ನಕ್ಷೆಗೆ ಕಿವಿಯಿಲ್ಲ ಅಷ್ಟೆ."
ಹೇಳಿದಳು. ಅವನು ಎರಡು ಸಲ ತಪ್ಪಿದ,
ಮೂರನೆಯ ಸಲ ಅವಳು ತಲೆಯಾಡಿಸಿದಳು.
ಬರೆದುಕೊಳ್ಳಲು ಹೊರಟೆ.
"ಬೇಡ, ಬಾಯಲ್ಲೇ ಒಯ್ಯಿರಿ. ತೂಕವಿಲ್ಲ."

ತೂಕದ ವಿಷಯಕ್ಕೆ ಬಂದರೆ:
ಬಚ್ಚಲಿನ ತೂಕದ ಯಂತ್ರ ತಂದಿಟ್ಟು
ಮೂಟೆ ಬೆನ್ನಿಗೇರಿಸಿ ನಿಂತೆ.
ನನ್ನನ್ನು ಕಳೆದೆ. ಉಳಿದದ್ದು ಇಪ್ಪತ್ತಾರು ಕಿಲೋ.
ಲಾಟೀನು ಹೊಡೆದುಹಾಕಿದೆ, ಎರಡನೆಯ ಕೊಡಲಿ,
ಬೀಡಿನ ಬಾಣಲೆ. ಬಾಣಲೆಗೆ ಅವನು ತುಸು ವಾದಿಸಿದ.
ಆಮೇಲೆ ಅವನ ಸರದಿ.
ಮುಳ್ಳು ನಿಲ್ಲಲಿಲ್ಲ:
ಎಂಬತ್ತೇಳು, ತೊಂಬತ್ತೆರಡು, ಎಂಬತ್ತೊಂಬತ್ತು.
"ಬರೆದುಕೋ."
"ಯಾವುದನ್ನ?"
"ನಿನಗೆ ಹೊರಲು ಆಗುವುದನ್ನ."

ಬೆಳಿಗ್ಗೆ ಮೂಟೆಯ ತಳದಲ್ಲಿ
ಅವನ ಉಣ್ಣೆಯ ಕಾಲುಚೀಲದೊಳಗೆ ಏನೋ ದುಂಡಗೆ.
ಬಾಣಲೆ. ಎರಡೂವರೆ ಕಿಲೋ.
ಹೊರಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದು
ಸ್ವಲ್ಪ ಹೊತ್ತು ನಿಂತೆ.