ಟೇಬಲ್ ನಂಬರ್ ಹದಿನೇಳು

ಬರೋ ತಿಂಗಳ ಎರಡನೇ ರವಿವಾರ
ಸೋಲಾಪುರದ ಅಕ್ಕಲಕೋಟ ರೋಡಿಗೆ,
ಬಂದಾದ ಮಗ್ಗದ ಶೆಡ್ಡಿನಾಗ
ವಿಜ್ಞಾನ ಕಥಿ, ಕಾಮಿಕ್ಸು, ಎರಡೂ ಕೂಡಿದ ಮೇಳಾ.
ಪುಣೆದವರು ಬರತಾರಂತ, ಹೈದರಾಬಾದಿನವರು ಬರತಾರಂತ,
ಕಲಬುರಗಿಯಿಂದ ಇಬ್ಬರು ಹುಡುಗರು
ಬಸ್ಸಿನ ಟಾಪಿನ ಮ್ಯಾಲ ರೋಬೋಟ್ ಕಟಗೊಂಡು.
ನಮಗೂ ಒಂದು ಟೇಬಲ್ ಸಿಕ್ಕದ.
ಹದಿನೇಳನೇದು. ಸಂಡಾಸದ ಬಾಜೂಕ.

ನಾವಂದ್ರ ನಾಕು ಮಂದಿ.
ತಬಸ್ಸುಮ್, ಹಗಲೆಲ್ಲ ಮದುವಿ ಮನ್ಯಾಗ ಮೆಹಂದಿ,
ರಾತ್ರಿ ಅದೇ ಕೈಲೆ ರಾಕೆಟ್ಟಿಗೆ ಶಾಯಿ.
ದಾದಾರಾವ್ ಕೋಳೇಕರ, ಕಥಿ ಅವನದು,
ಅರ್ಧಕ್ಕ ನಿಲ್ಲಿಸಿ ಚಹಾಕ್ಕ ಹೋಗಾವನೂ ಅವನೇ.
ಪುಷ್ಪಲತಾ ಯೆಮುಲ, ಪೆನ್ಸಿಲ್.
ನಾನು ಬರೇ ಅಕ್ಷರ:
ಯಾರರ ಬಾಯಿ ತಗದ್ರ
ಆ ಗುಳ್ಳಿಯೊಳಗ ಮಾತು ತುಂಬಾಕಿ.

ಛಲೋ ಕಾಗದ ತುಟ್ಟಿ.
ಪುಷ್ಪಲತಾನ ಅಜ್ಜ ನರಸಯ್ಯನ ಅಟ್ಟದಾಗ
ಜಕಾರ್ಡಿನ ಹಳೀ ರಟ್ಟು ಮೂಟಿಗಟ್ಟಲೆ,
ಮೊಳದುದ್ದ, ಅಂಗೈ ಅಗಲ, ಮೈತುಂಬ ತೂತು.
ಒಂದು ಕಾಲಕ್ಕ ಚಾದರದ ಮ್ಯಾಲ ನವಿಲು ಕುಣಿಸಿದ್ದು ಇವೇ.
ಈಗ ನವಿಲು ಪೆನ್‌ಡ್ರೈವಿನಾಗ ಬರತದ.
"ಒಯ್ಯಿರಿ," ಅಂದ ಅಜ್ಜ, "ಒಲಿಗೆ ಹಾಕೋದಕ್ಕಿಂತ."

ಒಂದು ರಟ್ಟು, ಮೂರು ಚೌಕ.
ಅರವತ್ನಾಕು ರಟ್ಟು, ಒಂದು ಕಥಿ:
ಅಂಬೂಬಾಯಿ ಅನ್ನೋ ಮುದುಕಿ
ಮಂಗಳ ಗ್ರಹಕ್ಕ ಚಾದರ ಮಾರಾಕ ಹೋಗತಾಳ.
ಅಲ್ಲಿ ಥಂಡಿ ಸೊನ್ನಿಗಿಂತ ಅರವತ್ತು ಕೆಳಗ,
ಗಿರಾಕಿಗೇನು ಬರ?
ಖರೆ, ಅಲ್ಲೀ ಮಂದಿಗೆ ಮೈ ಇಲ್ಲ.
ಹೊದಿಯೋರಿಲ್ಲದ ಊರಾಗ ಚಾದರ ಹ್ಯಾಂಗ ಮಾರಬೇಕು?
ದಾದಾರಾವ್ ಇಲ್ಲೇ ಚಹಾಕ್ಕ ಹ್ವಾದ.

ತೂತಿನ ಜೋಡಿ ದಿನಾ ಜಗಳ.
ತಬಸ್ಸುಮ್ ಅವಕ್ಕ ಚುಕ್ಕಿ ಅಂದಳು,
ಬೀಡಿ ತುದಿ ಅಂದಳು, ಹಡಗಿನ ಕಿಡಕಿ ಅಂದಳು, ದಾಟಿಬಿಟ್ಟಳು.
ನನಗ ದಾಟಾಕ ಬರಲಿಲ್ಲ.
ಕನ್ನಡಕ್ಕ ಕೆಳಗೂ ಜಾಗಾ ಬೇಕು.
"ಅಜ್ಜಿ" ಅಂತ ಬರದೆ, ಒತ್ತು ಹೋಗಿ ತೂತಿನ್ಯಾಗ ಬಿತ್ತು,
ಅಂಬೂಬಾಯಿ ಮಂಗಳದ ಮ್ಯಾಲ
"ಅಜಿ" ಆಗಿ ನಿಂತಳು.
ದಾದಾರಾವ್ ನಕ್ಕ: "ಮುಂದ ಒಂದು ದೀರ್ಘ ಕೊಡು,
ಮರಾಠಿ ಆಗತಾಳ."

ಮೇಳಾದ ಫಾರ್ಮಿನಾಗ ಒಂದು ಖಾನೆ:
ಪುಸ್ತಕದ ಭಾಷಾ ಯಾವುದು? ಒಂದೇ ಬರೀರಿ.
ಅಂಬೂಬಾಯಿ ಲೆಕ್ಕ ಮಾಡೋದು ತೆಲುಗಿನಾಗ,
ಚೌಕಾಸಿ ಮರಾಠಿ, ಬೈಗಳ ಕನ್ನಡ,
ರಾಕೆಟ್ ಕೆಟ್ಟು ನಿಂತಾಗ ದಖನಿ.
ಖಾನೆ ಹಂಗೇ ಬಿಟ್ಟಿವಿ. ಎರಡು ಸಲ ಫೋನ್ ಬಂತು.

ನಿನ್ನೆ ರಾತ್ರಿ ಕರೆಂಟ್ ಹ್ವಾತು.
ಪೋಣಿಸಿದ ಪುಸ್ತಕ ಅಜ್ಜನ ತೊಡಿ ಮ್ಯಾಲ ಇತ್ತು.
ಕತ್ತಲಾಗ ಬೆಟ್ಟು ಆಡಿಸಿ ಓದಾಕ ಹತ್ತಿದ,
ನಾವು ಬರದಿದ್ದನ್ನಲ್ಲ.
"ಇದು ನವಿಲಿನ ಕುತ್ತಿಗಿ." ಒಂದು ರಟ್ಟು ಸರಿಸಿದ.
"ಇದು ಆನಿ ಕಾಲು." ಇನ್ನೊಂದು.
"ಇದು ಹೂವಿನ ಬಳ್ಳಿ, ಉಲ್ಟಾ."
ಆಮ್ಯಾಲ ಸುಮ್ಮಾದ.
ಏನೋ ಹಾಳು ಮಾಡೀವಿ ಅಂತ ಹೆದರಿದಿವಿ.
"ನಿಮ್ಮ ಕಥಿ ಸಾಲಿನ್ಯಾಗೇ ಇವನ್ನ ಮಗ್ಗಕ್ಕ ಏರಿಸಿದ್ರ
ಒಂದು ಪ್ರಾಣಿ ಬರತದ," ಅಂದ.
"ಐವತ್ತು ವರ್ಷ ರಟ್ಟು ಹೊಡದೀನಿ,
ಅದನ್ನ ನಾ ನೋಡಿಲ್ಲ."

ಅರವತ್ನಾಕು ರಟ್ಟಂದ್ರ ಅರವತ್ನಾಕು ಎಳಿ,
ನೇಯ್ದ್ರ ಮೂರು ಬೆಟ್ಟಗಲ ಬಟ್ಟಿ.
ಅಷ್ಟರಾಗ ಅದಕ್ಕ ಕಾಲೆಷ್ಟು, ಕಣ್ಣು ಎಲ್ಲಿ,
ತಬಸ್ಸುಮ್ ಕೇಳೇ ಕೇಳಿದಳು. ಅಜ್ಜ ಹೇಳಲಿಲ್ಲ.
"ತೂತಿದ್ದಲ್ಲಿ ನೂಲು ಮ್ಯಾಲ ಏಳತದ," ಅಷ್ಟ ಅಂದ.
ಬ್ಯಾಟರಿ ಬೆಳಕಿನಾಗ ಫಾರ್ಮ್ ಇಸಗೊಂಡು
ಹಳೀ ಪಂಚು ತಗದು
ಆ ಖಾನೇದ ನಟ್ಟನಡುವ
ಟಕ್ಕಂತ ಒಂದು ಹೊಡದ.

ಭವಾನಿ ಪೇಠದಾಗ ಒಂದು ಹಳೀ ಮಗ್ಗ
ಇನ್ನೂ ಕೆಮ್ಮತದಂತ.
ಶನಿವಾರ ಪಾಳಿ ಮುಗದ ಮ್ಯಾಲ ಒಂದು ತಾಸು ಕೊಡತಾರ.
ರವಿವಾರ ಮುಂಜಾನೆ ಹತ್ತಕ್ಕ ಬರ್ರಿ.
ಹಿಂದಿನ ರಾತ್ರಿ ಕರೆಂಟ್ ಇದ್ರ
ಪುಸ್ತಕದ ಬಾಜೂಕ ಅದೂ ಕುಂತಿರತದ.
ಇಲ್ಲಂದ್ರ, ಕಣ್ಣು ಮುಚ್ಚಿ
ರಟ್ಟು ಮುಟ್ಟಿ ನೋಡ್ರಿ.